ಹೊರಗೆ ಮಳೆ, ಒಳಗೂ ಮಳೆ

ನಮ್ಮ ಮನೆ ಇರುವುದು ದೊಡ್ಡಬಳ್ಳಾಪುರದಲ್ಲಿ. ನನ್ನ ಅಕ್ಕ ಇರುವುದು ತೂಬಗೆರೆಯ ಕಡೆ, ನಾವು ಹುಟ್ಟಿ ಬೆಳೆದ ಹಳ್ಳಿಯಲ್ಲಿ. ನಡುವೆ 11 ಕಿಲೋಮೀಟರ್ ರಸ್ತೆ. ಅಕ್ಕನಿಗೆ ಈಗ 81, ನನಗೆ 74. ವಾರಕ್ಕೆ ಎರಡು ಸಲ, ಬುಧವಾರ ಮತ್ತು ಶನಿವಾರ, ಬೆಳಗಿನ ತಿಂಡಿ ಮುಗಿಸಿ ಸೈಕಲ್ ಹತ್ತುತ್ತೇನೆ. ಚೀಲದಲ್ಲಿ ಅವಳ ಬಿ.ಪಿ. ಮಾತ್ರೆ, ಒಂದು ಕಟ್ಟು ವೀಳ್ಯದೆಲೆ, ಹಿಂದಿನ ವಾರದ ಪತ್ರಿಕೆ. ಬಸ್ಸಿದೆ, ಮಗನ ಸ್ಕೂಟರ್ ಇದೆ, ಸೈಕಲ್ಲೇ ಯಾಕೆ ಎಂದು ಕೇಳುವವರಿದ್ದಾರೆ. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತೇ ಕಳೆದವನು ನಾನು. ಈಗಲಾದರೂ ಕಾಲು ಆಡಲಿ ಎಂಬ ಆಸೆ.

ಕಳೆದ ವರ್ಷ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ನಮ್ಮ ಕಡೆ ಮೂರು ದಿನ ಜಿಟಿಜಿಟಿ ಮಳೆ ಹಿಡಿಯಿತು. ಮೂರನೆಯ ದಿನ ಶನಿವಾರ. ಅಕ್ಕನ ಮಾತ್ರೆ ಮುಗಿದಿರುತ್ತದೆ ಎಂದು ನನಗೆ ಗೊತ್ತು. ಪೇಟೆಯಲ್ಲಿ 450 ರೂಪಾಯಿಗೆ ಕೊಂಡಿದ್ದ ಪ್ಲಾಸ್ಟಿಕ್ ರೇನ್‌ಕೋಟ್ ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಹೊರಟೆ. ಮಳೆಯ ಒಂದು ಹನಿಯೂ ಒಳಗೆ ಬರಲಿಲ್ಲ. ಆದರೆ ಅಕ್ಕನ ಮನೆ ತಲುಪಿ ಕೋಟು ಬಿಚ್ಚಿದರೆ ಅಂಗಿ, ಬನಿಯನ್ನು ಎರಡೂ ಹಿಂಡುವಷ್ಟು ಒದ್ದೆ!

“ಕೋಟು ತೂತಾಗಿದೆಯೇನೋ?” ಅಂದಳು ಅಕ್ಕ. ಬಾಗಿಲ ಬೆಳಕಿಗೆ ಹಿಡಿದು ನೋಡಿದೆವು. ಎಲ್ಲೂ ಒಂದು ತೂತಿಲ್ಲ. ತೂತಿಲ್ಲದಿರುವುದೇ ಅದರ ದೋಷ ಎಂದು ನನಗೆ ತಿಳಿದದ್ದು ಆಮೇಲೆ.

ಅದೇ ಒದ್ದೆ ಬಟ್ಟೆಯಲ್ಲಿ ಜಗುಲಿಯ ಗಾಳಿಗೆ ಕೂತು ಒಂದು ಗಂಟೆ ಮಾತಾಡಿದೆವು. ಅದೇ ಬಟ್ಟೆಯಲ್ಲಿ ವಾಪಸು ಬಂದೆ. ಮನೆ ಸೇರುವ ಹೊತ್ತಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಎರಡು ದಿನಕ್ಕೆ ಜ್ವರ, ಕೆಮ್ಮು. ಎಂಟು ದಿನ ಹಾಸಿಗೆ ಬಿಟ್ಟೇಳಲಿಲ್ಲ. “ಮಳೆಯಲ್ಲಿ ನೆನೆದಿರಾ?” ಎಂದು ಡಾಕ್ಟರು ಕೇಳಿದರು. “ಇಲ್ಲ ಸಾರ್, ರೇನ್‌ಕೋಟ್ ಹಾಕಿದ್ದೆ, ಬೆವರಿನಲ್ಲಿ ನೆನೆದೆ” ಅಂದೆ. ಅವರು ನಕ್ಕರು. “ಜ್ವರ ತರುವುದು ರೋಗಾಣು, ಮಳೆಯಲ್ಲ. ಆದರೆ ಈ ವಯಸ್ಸಿನಲ್ಲಿ ಒದ್ದೆ ಬಟ್ಟೆಯಲ್ಲಿ ಮೈ ತಣ್ಣಗಾಗುವುದಕ್ಕೆ ಬಿಡಬಾರದು ಯಜಮಾನರೇ. ಅದು ಮಳೆ ನೀರಾದರೇನು, ಬೆವರಾದರೇನು” ಅಂದರು.

ಮಗ ಸೈಕಲ್ಲಿಗೆ ಬೀಗ ಹಾಕಿ, ಬೀಗದ ಕೈ ತನ್ನ ಜೇಬಿಗೆ ಹಾಕಿಕೊಂಡ. “ಅಪ್ಪಾ, ಇನ್ನು ಮಳೆಗಾಲದಲ್ಲಿ ಸೈಕಲ್ ಬೇಡ. ಅತ್ತೆಗೆ ಮಾತ್ರೆ ನಾನು ಕೊಟ್ಟು ಬರ್ತೀನಿ.” ಹೇಳಿದ ಹಾಗೆ ಕೊಟ್ಟೂ ಬಂದ. ಆಫೀಸಿಗೆ ಹೋಗುವ ಅವಸರ ಅವನಿಗೆ. ಸ್ಕೂಟರ್ ನಿಲ್ಲಿಸಿ, ಮಾತ್ರೆ ಕೈಗಿತ್ತು, ಹಾಗೇ ತಿರುಗಿದ. ಅಂದು ಸಂಜೆ ಅಕ್ಕನ ಫೋನು. “ಮಾತ್ರೆ ಬಂತು ಕಣೋ. ನೀನು ಬರ್ಲಿಲ್ಲ” ಅಂದಳು. ಇನ್ನೇನೂ ಹೇಳಲಿಲ್ಲ. ನಮ್ಮ ಭಾಗಕ್ಕೆ ಹೆಚ್ಚು ಮಳೆ ಬರುವುದೇ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಎಂಬತ್ತೊಂದರ ಅಕ್ಕನನ್ನು ಪ್ರತಿ ವರ್ಷ ಅಷ್ಟು ದಿನ ನೋಡದೆ ಇರುವುದು ಹೇಗೆ? ನಮ್ಮಿಬ್ಬರ ಹತ್ತಿರ ಇನ್ನೆಷ್ಟು ಮಳೆಗಾಲ ಬಾಕಿ ಇದೆಯೋ!

ಈ ವರ್ಷ ಮುಂಗಾರಿಗೆ ಮೊದಲೇ ಮಗನ ಜೊತೆ ಒಂದು ಒಪ್ಪಂದಕ್ಕೆ ಬಂದೆ. ಹೊರಗಿನಿಂದಲೂ ಒಳಗಿನಿಂದಲೂ ನೆನೆಯದ ಕೋಟು ಹುಡುಕಿ ತೋರಿಸಿದರೆ ಬೀಗದ ಕೈ ನನಗೆ. ಸಹಾಯಕ್ಕೆ ನಿಂತವಳು ಎಂಟನೇ ಕ್ಲಾಸಿನ ಮೊಮ್ಮಗಳು ಪುಟ್ಟಿ. ಅವಳಿಗೂ ಮಳೆ ಬಂದರೆ ಸೈಕಲ್ ಬೇಡ ಎಂಬ ಆಜ್ಞೆ ಇತ್ತು. ಹಾಗಾಗಿ ಅವಳದು ಬರೀ ಸಹಾಯವಲ್ಲ, ಪಾಲುದಾರಿಕೆ.

ಕೋಟು ಹುಡುಕಲು ಹೊರಟಾಗ ನನಗೆ ಮೊದಲು ನೆನಪಾದದ್ದು ಗೋಣಿ ಕೊಪ್ಪೆ. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಖಾಲಿ ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿದರೆ ಕುಲಾವಿಯ ಹಾಗೆ ಆಗುತ್ತದೆ. ಅದನ್ನು ತಲೆಗೆ ಹಾಕಿಕೊಂಡರೆ ಉಳಿದ ಚೀಲ ಬೆನ್ನ ಮೇಲೆ ಇಳಿಬೀಳುತ್ತದೆ. ಒಂದು ರೂಪಾಯಿಯ ಖರ್ಚಿಲ್ಲ. ನಾನು ಏಳು ವರ್ಷದ ಹುಡುಗನಾಗಿದ್ದಾಗ ಅಕ್ಕ ನನಗೆ ಕೊಪ್ಪೆ ಹಾಕಿ, ಕೈ ಹಿಡಿದು, ಕೆರೆ ಏರಿಯ ಮೇಲೆ ಸ್ಕೂಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಬಾಗಿಲಲ್ಲಿ ಕೊಪ್ಪೆ ತೆಗೆದು, ಅಂಗಿಯೊಳಗೆ ಕೈ ತೂರಿಸಿ, ಬೆನ್ನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಒದ್ದೆ ಇದ್ದರೆ ತನ್ನ ಲಂಗದ ಅಂಚಿನಲ್ಲಿ ಒರೆಸಿ ಒಳಗೆ ಕಳಿಸುವಳು.

ಅಪ್ಪನದು ಕಂಬಳಿ ಕೊಪ್ಪೆ. ಕುರಿಯ ಉಣ್ಣೆಗೆ ಒಂದು ವಿಶೇಷ ಗುಣವಿದೆ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನ್ನಿಸುವುದಿಲ್ಲ. ಕಂಬಳಿ ನೇಯುವವರು ನೂಲಿಗೆ ಹುಣಸೆ ಬೀಜದ ಸರಿ ಹಾಕುವುದರಿಂದ ಬಟ್ಟೆ ಬಿಗಿಯಾಗುತ್ತದೆ, ನೀರು ಬೇಗ ಇಳಿಯುವುದಿಲ್ಲ. ಮಲೆನಾಡಿನಲ್ಲಿ ಬಿದಿರು, ಎಲೆಗಳಿಂದ ಕಟ್ಟಿದ ಗೊರಬು ಹೊತ್ತು ಹೆಂಗಸರು ನಾಟಿ ಮಾಡುತ್ತಿದ್ದರು. ಕೊಪ್ಪೆಗಾಗಲಿ ಗೊರಬಿಗಾಗಲಿ ಗುಂಡಿಯಿಲ್ಲ, ತೋಳಿಲ್ಲ. ಮುಂದೆ, ಕೆಳಗೆ ಎಲ್ಲ ಬಯಲು. ಮೇಲಿನಿಂದ ಮಳೆ ತಡೆದು, ಕೆಳಗಿನಿಂದ ಗಾಳಿ ಬಿಡುತ್ತಿದ್ದವು. ಆದರೆ ಕಂಬಳಿ ನೆನೆದರೆ ಕುರಿಯನ್ನೇ ಹೊತ್ತಷ್ಟು ಭಾರ. ಅದನ್ನು ಹೊದ್ದು ಸೈಕಲ್ ತುಳಿಯುವುದು ಸಾಧ್ಯವಿಲ್ಲ.

ನೀರು ತೂರದ ಬಟ್ಟೆಯನ್ನು ವ್ಯಾಪಾರಕ್ಕೆ ತಂದವನು ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತಾಶ್. 1823ರಲ್ಲಿ ಅವನು ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಸವರಿ ಅಂಟಿಸಿದ. ನಮ್ಮ ದೇಶದಲ್ಲಿ 1920ರಲ್ಲಿ ಕಲ್ಕತ್ತೆಯಲ್ಲಿ ಸುರೇಂದ್ರ ಮೋಹನ್ ಬೋಸ್ ಆರಂಭಿಸಿದ ಕಾರ್ಖಾನೆಯ ‘ಡಕ್‌ಬ್ಯಾಕ್’ ರೇನ್‌ಕೋಟುಗಳು ಮನೆಮಾತಾದವು. ಬಾತುಕೋಳಿಯ ಬೆನ್ನಿನ ಮೇಲೆ ನೀರು ನಿಲ್ಲದು ಎಂಬ ಅರ್ಥದ ಹೆಸರು. ನಾನೂ 1975ರಲ್ಲಿ ಬ್ಯಾಂಕಿನ ಮೊದಮೊದಲ ಸಂಬಳದಲ್ಲಿ ಚಿಕ್ಕಪೇಟೆಗೆ ಹೋಗಿ ಒಂದು ರಬ್ಬರ್ ಕೋಟು ಕೊಂಡಿದ್ದೆ. ಅದನ್ನು ತೊಟ್ಟು ಬಸ್ಸಿಗೆ ಕಾಯುವುದು ಸುಖ. ಆದರೆ ಸೈಕಲ್ ತುಳಿದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಇಡ್ಲಿ ಬೇಯುವಾಗ ಮುಚ್ಚಳ ಎತ್ತಿ ನೋಡಿ, ಒಳಗೆ ಹನಿಗಳು ತೊಟ್ಟಿಕ್ಕುತ್ತಿರುತ್ತವೆ. ರೇನ್‌ಕೋಟಿನೊಳಗೂ ಅದೇ ಕಥೆ. ಬೆವರು ಆವಿಯಾಗುತ್ತದೆ, ಹೊರಗೆ ದಾರಿ ಕಾಣದೆ ತಣ್ಣನೆಯ ಕೋಟಿಗೆ ತಾಗಿ ಮತ್ತೆ ನೀರಾಗುತ್ತದೆ.

ಈ ತೊಂದರೆಗೆ ಒಂದು ದಾರಿ ಸಿಕ್ಕಿದ್ದು 1969ರಲ್ಲಿ, ಅಮೆರಿಕದಲ್ಲಿ. ಬಾಬ್ ಗೋರ್ ಎಂಬಾತ ಪಿ.ಟಿ.ಎಫ್.ಇ. ಎಂಬ ವಸ್ತುವಿನ ಕಡ್ಡಿಗಳನ್ನು ಕಾಯಿಸಿ ಮೆಲ್ಲಗೆ ಎಳೆಯುತ್ತಿದ್ದ. ನಾನ್‌ಸ್ಟಿಕ್ ತವಾದ ಮೇಲೆ ಇರುತ್ತದಲ್ಲ, ಅದೇ ವಸ್ತು. ಪ್ರತಿ ಸಲ ಕಡ್ಡಿ ಮುರಿಯುತ್ತಿತ್ತು. ಬೇಸತ್ತು ಒಂದು ಸಲ ಜೋರಾಗಿ ಎಳೆದ. ಮುರಿಯುವ ಬದಲು ಅದು ಉದ್ದಕ್ಕೆ ಹಿಗ್ಗಿತು! ಹಾಗೆ ಹಿಗ್ಗಿದ ವಸ್ತುವಿನ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ನೀರಿನ ಹನಿಗಿಂತ ಅವು ಸುಮಾರು 20,000 ಪಟ್ಟು ಚಿಕ್ಕವು, ಆದರೆ ನೀರಾವಿಯ ಅಣುವಿಗಿಂತ ಸುಮಾರು 700 ಪಟ್ಟು ದೊಡ್ಡವು ಎಂದು ಅವರ ಕಂಪನಿಯ ಲೆಕ್ಕ. ಮಳೆಯ ಹನಿ ಒಳಗೆ ಬರಲಾರದು, ಬೆವರಿನ ಆವಿ ಹೊರಗೆ ಹೋಗಬಲ್ಲದು. 1976ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಅದೇ ಗೋರ್‌ಟೆಕ್ಸ್. ಇಂದು ಇದೇ ಕೆಲಸ ಮಾಡುವ ಬೇರೆ ಬೇರೆ ಪದರಗಳ ಕೋಟುಗಳು ಎಲ್ಲ ಬೆಲೆಯಲ್ಲೂ ಇವೆ. ‘ಉಸಿರಾಡುವ ಬಟ್ಟೆ’ ಎನ್ನುತ್ತಾರೆ.

ಬಟ್ಟೆಯ ವಿಷಯ ಬಂದ ಮೇಲೆ ನೇಕಾರರನ್ನು ಕೇಳದೆ ಇರಲಾದೀತೆ? ನಮ್ಮೂರು ಮಗ್ಗಗಳ ಊರು. ಬೀದಿಗೆ ಕಾಲಿಟ್ಟರೆ ಪವರ್‌ಲೂಮ್‌ಗಳ ಲಟಪಟ ಸದ್ದು. ನನ್ನ ಗೆಳೆಯರೊಬ್ಬರಿಗೆ ನಾಲ್ಕು ಮಗ್ಗಗಳಿವೆ. ಅವರ ಮಗ ಭಾನುವಾರ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವ ಹುಡುಗ. ಅವನ ಕೋಟನ್ನು ತರಿಸಿ ನನ್ನ ಕೈಗೆ ಕೊಟ್ಟರು. ತಾವು ಅದರ ಒಳಮೈ ತಿರುಗಿಸಿ, ಬಟ್ಟೆ ನೋಡುವ ಬದಲು ಹೊಲಿಗೆ ನೋಡತೊಡಗಿದರು. “ಬಟ್ಟೆ ಸೋರೋದಕ್ಕಿಂತ ಮೊದಲು ಹೊಲಿಗೆ ಸೋರುತ್ತೆ ಸ್ವಾಮಿ. ಸೂಜಿ ಚುಚ್ಚಿದ ಕಡೆಯೆಲ್ಲ ತೂತು ತಾನೆ? ಇಲ್ನೋಡಿ, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದ್ದಾರೆ. ಈ ಪಟ್ಟಿ ಇಲ್ಲದ ಕೋಟು ತೊಗೋಬೇಡಿ” ಅಂದರು. ಹಾಸು, ಹೊಕ್ಕು ಎರಡನ್ನೂ ಬಹಳ ಬಿಗಿಯಾಗಿ ನೇಯ್ದರೆ ಬರೀ ಹತ್ತಿಯೂ ಮಳೆ ತಡೆಯಬಲ್ಲದಂತೆ. ನೆನೆದಾಗ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ವಿಮಾನ ಚಾಲಕರಿಗೆ ಇಂಥ ಬಟ್ಟೆಯಲ್ಲೇ ಉಡುಪು ಹೊಲಿಸಿದ್ದರು.

ಆ ಕೋಟನ್ನು ಎರಡು ದಿನಕ್ಕೆ ಸಾಲ ತಂದು, ನಾನೂ ಪುಟ್ಟಿಯೂ ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದೆವು. ಎರಡು ಸ್ಟೀಲ್ ಲೋಟಗಳಲ್ಲಿ ಬಿಸಿನೀರು. ಒಂದರ ಬಾಯಿಗೆ ನನ್ನ ಪ್ಲಾಸ್ಟಿಕ್ ಕೋಟಿನ ತೋಳು, ಇನ್ನೊಂದಕ್ಕೆ ಸಾಲದ ಕೋಟಿನ ತೋಳು ಬಿಗಿದು ರಬ್ಬರ್ ಬ್ಯಾಂಡ್ ಹಾಕಿದೆವು. ಅಜ್ಜಿಯ ಕನ್ನಡಿಯನ್ನು ಮೇಲೆ ಹಿಡಿದು ಕಾದೆವು. ಪ್ಲಾಸ್ಟಿಕ್ಕಿನ ಮೇಲೆ ಹಿಡಿದ ಕನ್ನಡಿ ಎಷ್ಟು ಹೊತ್ತಾದರೂ ಸ್ವಚ್ಛ. ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ಕಿನ ಒಳಮೈ ತುಂಬ ಹನಿಗಳು. ಇನ್ನೊಂದು ಲೋಟದ ಮೇಲೆ ಸ್ವಲ್ಪ ಹೊತ್ತಿಗೆ ಕನ್ನಡಿ ಮಂಜಾಯಿತು! ಅದೇ ಬಟ್ಟೆಯ ಮೇಲೆ ಒಂದು ಚಮಚ ತಣ್ಣೀರು ಹಾಕಿದೆವು. ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ಉರುಳಿತೇ ಹೊರತು ಕೆಳಗಿಳಿಯಲಿಲ್ಲ. “ತಾತ, ಇದು ನಿಜವಾಗ್ಲೂ ಉಸಿರಾಡುತ್ತೆ!” ಎಂದು ಪುಟ್ಟಿ ಕುಣಿದಳು. ಮಕ್ಕಳೇ, ನೀವೂ ಮಾಡಿ ನೋಡಬಹುದು. ಬಿಸಿನೀರು ಮಾತ್ರ ದೊಡ್ಡವರೇ ಹಾಕಲಿ.

ಇನ್ನು ಲೆಕ್ಕ. ಇಂಥ ಕೋಟುಗಳ ಚೀಟಿಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಉದಾಹರಣೆಗೆ 10,000 ಮತ್ತು 10,000. ಮೊದಲನೆಯದು ಮಿಲಿಮೀಟರ್. ಬಟ್ಟೆಯ ಮೇಲೆ 10,000 ಮಿಲಿಮೀಟರ್, ಅಂದರೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದಷ್ಟು ಒತ್ತಡ ಬಿದ್ದರೂ ಸೋರುವುದಿಲ್ಲ ಎಂದರ್ಥ. ಎರಡನೆಯದು ಗ್ರಾಂ. ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿಯನ್ನು ಹೊರಗೆ ಬಿಡುತ್ತದೆ ಎಂಬುದು. ಬಿ.ಕಾಂ. ಓದಿದವನಲ್ಲವೇ, ಕಾಗದ ಪೆನ್ಸಿಲ್ ಹಿಡಿದೆ. 10,000ವನ್ನು 24ರಿಂದ ಭಾಗಿಸಿದರೆ ಗಂಟೆಗೆ ಸುಮಾರು 417 ಗ್ರಾಂ. ಕೋಟು ಮೈಮೇಲೆ ಆವರಿಸುವುದು ಹೆಚ್ಚುಕಡಿಮೆ ಒಂದು ಚದರ ಮೀಟರ್ ಎಂದು ಹಿಡಿಯೋಣ. ಜೋರಾಗಿ ಸೈಕಲ್ ತುಳಿಯುವವರು ಗಂಟೆಗೆ ಒಂದು ಲೀಟರ್, ಅಂದರೆ 1,000 ಗ್ರಾಂ ಬೆವರುವುದೂ ಉಂಟು. ಜಮೆ 1,000, ಖರ್ಚು 417. ಉಳಿದ ಬೆವರೆಲ್ಲ ಅಂಗಿಯ ಖಾತೆಗೆ!

ಅದೂ ಪ್ರಯೋಗಶಾಲೆಯ ಲೆಕ್ಕ. ಆವಿ ಹೊರಗೆ ಹೋಗುವುದು ಒಳಗೆ ಬಿಸಿ, ತೇವ ಹೆಚ್ಚಿದ್ದು ಹೊರಗೆ ಕಡಿಮೆ ಇದ್ದಾಗ. ಮಳೆ ಸುರಿಯುವಾಗ ಹೊರಗಿನ ಗಾಳಿಯಲ್ಲೂ ತೇವ ತುಂಬಿರುತ್ತದೆ. ಸುಮಾರು 900 ಮೀಟರ್ ಎತ್ತರದ ನಮ್ಮ ಬಯಲುಸೀಮೆಯಲ್ಲಿ ಮಳೆ ಬಂದರೆ ಗಾಳಿ ತಂಪಾಗುತ್ತದೆ, ಹಾಗಾಗಿ ಕೋಟು ಒಂದಿಷ್ಟು ಕೆಲಸ ಮಾಡೀತು. ಮಂಗಳೂರಿನ ಸೆಕೆಯ ಮಳೆಯಲ್ಲಿ ಇನ್ನೂ ಕಷ್ಟ. ಕೋಟಿನ ಹೊರಪದರ ನೀರು ಕುಡಿದರಂತೂ ಅದರ ಉಸಿರೇ ಕಟ್ಟಿದ ಹಾಗೆ. ಎಷ್ಟು ದುಡ್ಡು ಕೊಟ್ಟರೂ ಬೆವರನ್ನು ಪೂರ್ತಿ ಹೊರಹಾಕುವ ಕೋಟು ಸಿಗುವುದಿಲ್ಲ ಎಂದು ನನ್ನ ಲೆಕ್ಕ ಹೇಳಿತು. ಹಾಗಾದರೆ ಮಾಡುವುದೇನು? ಗೊರಬು ಮಾಡಿದ್ದನ್ನೇ ಮಾಡಬೇಕು, ಗಾಳಿಗೆ ದಾರಿ ಬಿಡಬೇಕು. ಜೊತೆಗೆ ಬೆವರುವುದನ್ನೇ ಕಡಿಮೆ ಮಾಡಬೇಕು, ಅಂದರೆ ನಿಧಾನವಾಗಿ ತುಳಿಯಬೇಕು.

ಇಷ್ಟು ತಿಳಿದುಕೊಂಡು ಒಂದು ಭಾನುವಾರ ಮೂವರೂ ಬೆಂಗಳೂರಿನ ಅಂಗಡಿಗೆ ಹೋದೆವು. ಮೂರು ಕೋಟುಗಳು ಕಣದಲ್ಲಿ ಉಳಿದವು. ಮೊದಲನೆಯದು 12,000 ರೂಪಾಯಿ, ಎರಡು ಸಂಖ್ಯೆಗಳೂ 20,000. ಆದರೆ ಬಣ್ಣ ಕಪ್ಪು, ಗಾಳಿಗೆ ದಾರಿಯಿಲ್ಲ. ಇನ್ನೊಂದು 1,200 ರೂಪಾಯಿ, ಹಗುರ. ಆದರೆ ಹೊಲಿಗೆಗೆ ಪಟ್ಟಿಯಿಲ್ಲ, ತುಂತುರು ಮಾತ್ರ ತಡೆದೀತು. ಮತ್ತೊಂದು 4,800. ಎರಡು ಸಂಖ್ಯೆಗಳೂ 10,000. ಎರಡು ಕಂಕುಳಲ್ಲೂ ಉದ್ದನೆಯ ಜಿಪ್, ತೆರೆದರೆ ಗಾಳಿ ಆಡುತ್ತದೆ. ನಿಂಬೆಹಣ್ಣಿನ ಹಳದಿ ಬಣ್ಣ, ಬೆನ್ನಿನ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ.

ನಾನು ಅಂಗಡಿಯ ಹುಡುಗನನ್ನು ಒಂದು ಸ್ಟೂಲ್ ಕೇಳಿದೆ. ಅದರ ಮೇಲೆ ಕೂತು, ಹ್ಯಾಂಡಲ್ ಹಿಡಿದವನ ಹಾಗೆ ಕೈ ಚಾಚಿ ಮುಂದಕ್ಕೆ ಬಾಗಿದೆ. ಸುತ್ತಲಿದ್ದವರು ನಕ್ಕರು. ಕಪ್ಪು ಕೋಟಿನಲ್ಲಿ ಬಾಗಿದಾಗ ಸೊಂಟ ಬಯಲಾಯಿತು, ತೋಳು ಮಣಿಕಟ್ಟಿನಿಂದ ಮೇಲೆ ಸರಿಯಿತು. ಹಳದಿ ಕೋಟಿಗೆ ಹಿಂದುಗಡೆ ಉದ್ದ ಜಾಸ್ತಿ, ಸೊಂಟ ಮುಚ್ಚಿಯೇ ಇತ್ತು. ಮಗ ಮಾತ್ರ ಕಪ್ಪಿನ ಮೇಲೆ ಕಣ್ಣಿಟ್ಟಿದ್ದ. “ದುಡ್ಡಿನ ಮುಖ ನೋಡಬೇಡಿ ಅಪ್ಪಾ, ಒಳ್ಳೇದು ತೊಗೊಳ್ಳಿ” ಅಂದ. ಪುಟ್ಟಿ ಅಂದಳು, “ಅಪ್ಪಾ, ಮಳೆಯಲ್ಲಿ ಲಾರಿಯವರಿಗೆ ತಾತ ಕಾಣಿಸ್ಬೇಕಲ್ವಾ?” ಮಗ ಸುಮ್ಮನಾದ. ನನ್ನ ಜ್ವರದ ಚಿಂತೆಯಲ್ಲಿ ಇದನ್ನು ಮೂವರಲ್ಲಿ ಇಬ್ಬರು ದೊಡ್ಡವರು ಮರೆತೇ ಬಿಟ್ಟಿದ್ದೆವು. ಹಳದಿಯದನ್ನೇ ಕೊಂಡೆವು. ಅವಳಿಗೂ ಅದೇ ಬಣ್ಣದ ಚಿಕ್ಕದೊಂದು.

ಆಗಸ್ಟಿನ ಒಂದು ಬುಧವಾರ, ಹೊರಡುವ ಹೊತ್ತಿಗೆ ಸರಿಯಾಗಿ ಮಳೆ. ಗುಡುಗು ಮಿಂಚು ಇಲ್ಲ ಎಂದು ನೋಡಿಕೊಂಡೆ. ಗುಡುಗಿದ್ದರೆ ಯಾವ ಕೋಟೂ ಲೆಕ್ಕಕ್ಕಿಲ್ಲ, ಮನೆಯಲ್ಲೇ ಇರಬೇಕು. ಮಗ ಬೀಗದ ಕೈ ಕೊಟ್ಟ. ಹೆಲ್ಮೆಟ್ ಹಾಕಿಕೊಂಡೆ. ಕೋಟಿನ ಟೋಪಿ ಅಕ್ಕಪಕ್ಕ ನೋಡಲು ಅಡ್ಡ ಬರುತ್ತದೆಂದು ಮಡಿಸಿಟ್ಟೆ. ಕಂಕುಳ ಜಿಪ್ ತೆರೆದೆ. ಮುಂಚೆ ಮುಕ್ಕಾಲು ಗಂಟೆಯಲ್ಲಿ ಹೋಗುತ್ತಿದ್ದ ದಾರಿಗೆ ಒಂದು ಗಂಟೆ ತೆಗೆದುಕೊಂಡೆ. ಏರು ಬಂದ ಕಡೆ ಇಳಿದು ತಳ್ಳಿದೆ. ಚೀಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಒಣ ಬನಿಯನ್ನು ಇತ್ತು. 4,800ರ ಕೋಟಿಗಿಂತ ಅದರ ಮೇಲೇ ನನಗೆ ಹೆಚ್ಚು ಧೈರ್ಯ.

ಅಕ್ಕ ಜಗುಲಿಯ ಕಂಬಕ್ಕೊರಗಿ ಕೂತಿದ್ದಳು. ದೂರದಿಂದಲೇ ಹಳದಿ ಬಣ್ಣ ಕಂಡಿತಂತೆ. “ಯಾರೋ ಸರ್ಕಾರದವರು ಬಂದ್ರು ಅಂದ್ಕೊಂಡೆ ಕಣೋ” ಎಂದು ನಕ್ಕಳು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಕೋಟು ಬಿಚ್ಚಿ ಗಳುವಿಗೆ ಹಾಕಿದೆ. ಅವಳು ಎದ್ದು ಬಂದು ಕೋಟಿನ ಬೆಲೆ ಕೇಳಲಿಲ್ಲ, ಸಂಖ್ಯೆ ಕೇಳಲಿಲ್ಲ. ನನ್ನ ಅಂಗಿಯ ಕಾಲರಿನ ಹಿಂದಿನಿಂದ ಕೈ ಇಳಿಸಿ, ಬೆನ್ನ ಮೇಲೆ ಅಂಗೈ ಇಟ್ಟು ನೋಡಿದಳು. ಅಂಗೈ ಒರಟಾಗಿದೆ, ಸ್ವಲ್ಪ ನಡುಗುತ್ತದೆ.

“ಒಂಚೂರು ತೇವ ಇದೆ. ಒದ್ದೆ ಏನಿಲ್ಲ” ಅಂದಳು. ನನ್ನ ಲೆಕ್ಕಕ್ಕೂ ಅವಳ ಅಂಗೈಗೂ ಸರಿಯಾಗಿ ತಾಳೆಯಾಯಿತು. ಬನಿಯನ್ನು ಬದಲಾಯಿಸಿ ಬಂದು ಕೂತೆ. ಅವಳು ಕಾಫಿಗಿಟ್ಟಳು.

ಮನೆಗೆ ಬಂದ ಮೇಲೆ ಕೋಟಿನ ಯೋಗಕ್ಷೇಮದ ವಿಷಯ. ಇದನ್ನು ಒಗೆಯುವ ಕಲ್ಲಿಗೆ ಬಡಿಯಬಾರದು, ಬ್ರಷ್ ಹಾಕಿ ಉಜ್ಜಬಾರದು, ಬಟ್ಟೆ ಮೃದುವಾಗಲೆಂದು ಹಾಕುವ ದ್ರವವನ್ನು ಹಾಕಬಾರದು. ಕೊಳೆ ಕೂತರೆ ನೀರು ಮುತ್ತಾಗಿ ಉರುಳುವ ಗುಣ ಹೋಗುತ್ತದೆ. ಚೀಟಿಯಲ್ಲಿ ಬರೆದ ಹಾಗೆ ಮೆತ್ತಗೆ ತೊಳೆದು, ಚೆನ್ನಾಗಿ ಜಾಲಿಸಿ ಒಣಗಿಸಬೇಕು. ಇದನ್ನೆಲ್ಲ ಪುಟ್ಟಿ ದಪ್ಪಕ್ಷರದಲ್ಲಿ ಬರೆದು ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿದ್ದಾಳೆ. ಪಕ್ಕದಲ್ಲೇ ಎರಡು ಹಳದಿ ಕೋಟುಗಳು ನೇತಾಡುತ್ತಿವೆ. ಬೀಗದ ಕೈ ಈಗ ನನ್ನ ಜೇಬಿನಲ್ಲಿದೆ. ನಾಳೆ ಶನಿವಾರ.